ಬಗ್ಗುವುದನ್ನೇ ಬಿಟ್ಟವರಿಗೆ ಒಂದು ಬಹಿರಂಗ ಪತ್ರ

ಸೊಂಟವೋ ಮಂಡಿಯೋ ಹೆಗಲೋ ಹಿಡಿದುಕೊಂಡು ಹೇಗೋ ದಿನ ದೂಡುತ್ತಿರುವವರಿಗೆ, ಅವರ ಮನೆಯವರಿಗೆ, ಅವರನ್ನು ನಮ್ಮ ಬಳಿ ಕಳಿಸುವ ವೈದ್ಯರಿಗೆ,

ನಮಸ್ಕಾರ.

ನಾನೊಬ್ಬಳು ಫಿಸಿಯೋಥೆರಪಿಸ್ಟ್. ಈ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ದಾಟಿದೆ. ಇಷ್ಟು ದಿನ ಒಬ್ಬೊಬ್ಬರ ಎದುರು ಕೂತು ಹೇಳುತ್ತಿದ್ದುದನ್ನು ಎಲ್ಲರಿಗೂ ಒಟ್ಟಿಗೆ ಹೇಳಬೇಕು ಅನ್ನಿಸಿದ್ದು ಈಚೆಗೆ ಬಂದ ಒಬ್ಬರನ್ನು ನೋಡಿ. ಐವತ್ತರ ಆಸುಪಾಸಿನವರು. ಬೆನ್ನನ್ನು ಕಂಬದ ಹಾಗೆ ನೆಟ್ಟಗಿಟ್ಟುಕೊಂಡೇ ಕುರ್ಚಿಯ ಕೈ ಹಿಡಿದು ನಿಧಾನಕ್ಕೆ ಕೂತರು. ಮಾತಿಗೆ ಮುಂಚೆ ಸ್ಕ್ಯಾನಿನ ದೊಡ್ಡ ಲಕೋಟೆ ಮೇಜಿನ ಮೇಲೆ ಬಂತು. "ನನ್ನ ಡಿಸ್ಕ್ ಹೋಗಿದೆ ಮೇಡಂ, ಬಗ್ಗೋ ಹಾಗಿಲ್ಲ" ಎಂದರು. ಬೆನ್ನುಮೂಳೆಗಳ ನಡುವಿನ ಮೆತ್ತೆಗೆ ಡಿಸ್ಕ್ ಎನ್ನುತ್ತಾರೆ. ನಾಲ್ಕು ವರ್ಷದ ಹಿಂದೆ ತುಂಬಿದ ಬಕೆಟ್ ಎತ್ತುವಾಗ ಸೊಂಟ ಹಿಡಿದುಕೊಂಡಿತ್ತಂತೆ. ಆಗ ಯಾರೋ "ಇನ್ನು ಮೇಲೆ ಬಗ್ಗಲೇಬೇಡಿ" ಎಂದಿದ್ದರು. ಆ ಒಂದು ಮಾತನ್ನು ಅವರು ನಾಲ್ಕು ವರ್ಷ ಬಿಡದೆ ಪಾಲಿಸಿದ್ದರು. ಅವರ ಶೂ ಲೇಸು ಕಟ್ಟುತ್ತಿದ್ದುದು ಮಗ. ಕೈಜಾರಿ ಬಿದ್ದ ಪೆನ್ನನ್ನು ಯಾರಾದರೂ ಎತ್ತಿಕೊಡುವವರೆಗೆ ಕಾಯುತ್ತಿದ್ದರು.

ಪರೀಕ್ಷೆ ಮಾಡಿ ನೋಡಿದೆ. ಕಾಲಿನ ಬಲ ಸರಿಯಾಗಿತ್ತು, ಸ್ಪರ್ಶ ಸರಿಯಾಗಿತ್ತು, ಮಂಡಿ ಮತ್ತು ಹಿಮ್ಮಡಿಯ ಬಳಿ ಸುತ್ತಿಗೆಯಿಂದ ತಟ್ಟಿದಾಗ ಬರಬೇಕಾದ ಪ್ರತಿಕ್ರಿಯೆಯೂ ಸರಿಯಾಗಿ ಬಂತು. ಬೆನ್ನಿನ ಸ್ನಾಯುಗಳು ಮಾತ್ರ ಮರದ ಹಲಗೆಯ ಹಾಗೆ ಬಿಗಿದುಕೊಂಡಿದ್ದವು. ನೋವು ಬಂದೀತು ಎಂಬ ಭಯಕ್ಕೆ ದೇಹವೇ ಹಾಕಿಕೊಂಡ ಕಟ್ಟು ಅದು. ಮೊದಲ ವಾರ ಮಲಗಿದಲ್ಲೇ ಮಂಡಿಯನ್ನು ಎದೆಯ ಕಡೆಗೆ ತಂದರು. ಆಮೇಲೆ ಕೂತಲ್ಲೇ ಕೈಯನ್ನು ಮೊಣಕಾಲಿನ ಮೇಲಿಂದ ಪಾದದವರೆಗೆ ಜಾರಿಸಿದರು. ಐದನೇ ವಾರ ಖಾಲಿ ಪೆಟ್ಟಿಗೆ ಎತ್ತಿದರು, ಒಂಬತ್ತನೇ ವಾರ ಅದರೊಳಗೆ ತೂಕ ಇಟ್ಟು ಎತ್ತಿದರು. ಮೂರು ತಿಂಗಳು ಮುಗಿಯುವ ಹೊತ್ತಿಗೆ ನನ್ನ ಕೋಣೆಯಲ್ಲೇ ಬಗ್ಗಿ ಶೂ ಲೇಸು ಕಟ್ಟಿಕೊಂಡರು. ಕಟ್ಟಿದ ಮೇಲೆ ಸ್ವಲ್ಪ ಹೊತ್ತು ತಲೆ ಎತ್ತಲಿಲ್ಲ. ಅಳುತ್ತಿದ್ದರು.

ಆ ನಾಲ್ಕು ವರ್ಷ ಹೋಗಬೇಕಿರಲಿಲ್ಲ. ಅದಕ್ಕೇ ಈ ಪತ್ರ.

ಫಿಸಿಯೋಥೆರಪಿ ಎಂದರೆ ಏನು ಎಂದು ಕೇಳಿದರೆ ಹೆಚ್ಚಿನವರು "ಕರೆಂಟ್ ಇಡ್ತಾರೆ, ಶಾಖ ಕೊಡ್ತಾರೆ, ನೀವಿ ಕಳಿಸ್ತಾರೆ" ಎನ್ನುತ್ತಾರೆ. ಅವೂ ನಮ್ಮ ಬಳಿ ಇವೆ. ಸ್ವಲ್ಪ ಹೊತ್ತು ನೋವು ತಗ್ಗಿಸಲು, ಬಿಗಿತ ಸಡಿಲಿಸಲು ಬಳಸುತ್ತೇವೆ. ನಮ್ಮ ನಿಜವಾದ ಕಸುಬು ಚಲನೆ. ಯಾವ ಕೀಲು ಎಷ್ಟು ತಿರುಗುತ್ತಿಲ್ಲ, ಯಾವ ಸ್ನಾಯು ತನ್ನ ಪಾಲಿನ ಕೆಲಸ ಮಾಡುತ್ತಿಲ್ಲ, ಅದರ ಭಾರವನ್ನು ಯಾವುದು ಹೊತ್ತು ದಣಿಯುತ್ತಿದೆ ಎಂದು ಪತ್ತೆ ಹಚ್ಚುತ್ತೇವೆ. ಕಳೆದುಕೊಂಡ ಚಲನೆಯನ್ನು ದೇಹ ತಾಳುವ ಪ್ರಮಾಣದಲ್ಲಿ ಹಂತ ಹಂತವಾಗಿ ವಾಪಸು ತರುತ್ತೇವೆ.

ಮೊದಲ ಭೇಟಿಯಲ್ಲಿ ಬಹಳ ಹೊತ್ತು ಪ್ರಶ್ನೆಗಳಲ್ಲೇ ಕಳೆಯುತ್ತದೆ. ಯಾವಾಗ ಶುರುವಾಯಿತು, ಯಾವ ಹೊತ್ತಿನಲ್ಲಿ ಹೆಚ್ಚು, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ, ಕೂತರೆ ಹೆಚ್ಚೋ ನಡೆದರೆ ಹೆಚ್ಚೋ. ನೀವು ಕುರ್ಚಿಯಿಂದ ಏಳುವುದನ್ನು, ಹೆಜ್ಜೆ ಇಡುವುದನ್ನು, ಅಂಗಿ ಕಳಚುವುದನ್ನು ಕೂಡ ನೋಡುತ್ತಿರುತ್ತೇವೆ. ಕೀಲಿನ ಕೋನವನ್ನು ಗೋನಿಯೋಮೀಟರ್ ಇಟ್ಟು ಅಳೆಯುತ್ತೇವೆ. ಸ್ನಾಯುವಿನ ಬಲಕ್ಕೆ 0ಯಿಂದ 5ರವರೆಗೆ ಅಂಕ ಕೊಡುತ್ತೇವೆ: ಸ್ನಾಯು ಮಿಸುಕದಿದ್ದರೆ 0, ಅಂಗದ ಭಾರವನ್ನು ತಾನೇ ಎತ್ತಿದರೆ 3, ನಮ್ಮ ಕೈಯ ಪೂರ್ತಿ ಒತ್ತಡಕ್ಕೂ ಬಗ್ಗದಿದ್ದರೆ 5. ಇದೆಲ್ಲ ಮುಗಿದ ಮೇಲೆ ನಮಗೆ ನಾವೇ ಕೇಳಿಕೊಳ್ಳುವ ದೊಡ್ಡ ಪ್ರಶ್ನೆ ಒಂದಿದೆ: ಇದು ನಮ್ಮ ಕೈಯಲ್ಲಿ ವಾಸಿಯಾಗುವುದೋ, ವೈದ್ಯರ ಬಳಿ ಹೋಗಬೇಕಾದದ್ದೋ? ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಮೊದಲು ಸ್ಕ್ಯಾನಿನ ಮಾತು. ಜನರನ್ನು ಮಂಚ ಹಿಡಿಸುವುದರಲ್ಲಿ ನೋವಿಗಿಂತ ಸ್ಕ್ಯಾನಿನ ವರದಿಯ ಪಾಲೇ ದೊಡ್ಡದು ಎಂದು ನನಗೆ ಅನ್ನಿಸಿದ್ದುಂಟು. "ಡಿಸ್ಕ್ ಉಬ್ಬಿದೆ", "ಸವೆದಿದೆ" ಎಂಬ ಪದಗಳು ಓದಿದವರ ಎದೆಯಲ್ಲಿ ಕೂತುಬಿಡುತ್ತವೆ. ಆದರೆ ಬೆನ್ನು ನೋವೇ ಇಲ್ಲದ 3,000ಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳುವುದನ್ನು ಕೇಳಿ. ಇಪ್ಪತ್ತರ ವಯಸ್ಸಿನವರಲ್ಲೇ ಸುಮಾರು 30% ಜನರ ಡಿಸ್ಕ್ ಉಬ್ಬಿತ್ತು, 37% ಜನರಲ್ಲಿ ಸವೆತ ಕಾಣಿಸಿತ್ತು. ಎಂಬತ್ತು ವಯಸ್ಸಿನವರಲ್ಲಿ ಈ ಅಂಕಿಗಳು 84% ಮತ್ತು 96%. ಇವರಾರಿಗೂ ನೋವಿರಲಿಲ್ಲ. ಕೂದಲು ನೆರೆಯುವ ಹಾಗೆ ಬೆನ್ನೂ ಒಳಗೊಳಗೇ ವಯಸ್ಸಾಗುತ್ತದೆ. ಸ್ಕ್ಯಾನಿನಲ್ಲಿ ಕಂಡದ್ದಕ್ಕೂ ನಿಮ್ಮ ನೋವಿಗೂ ಸಂಬಂಧ ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ಹೇಳಬೇಕಾದರೆ ನಿಮ್ಮನ್ನು ಮುಟ್ಟಿ, ನಡೆಸಿ, ಬಗ್ಗಿಸಿ ನೋಡಬೇಕು.

2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ಸೊಂಟ ನೋವಿತ್ತು ಎಂಬ ಅಂದಾಜಿದೆ. ಹೊಸದಾಗಿ ಬಂದ ಸೊಂಟ ನೋವು ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ತಗ್ಗುತ್ತದೆ. ತಗ್ಗಲು ಬಿಡಬೇಕು, ಅಷ್ಟೇ. ಹಾಸಿಗೆ ಹಿಡಿದರೆ ಅದು ತಡವಾಗುತ್ತದೆ. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಮಂಚದಲ್ಲೇ ಮಲಗಿಸಿ ಅಳೆದಾಗ ಅವರ ಕಾಲುಗಳಿಂದ ಸುಮಾರು ಒಂದು ಕೆಜಿಯಷ್ಟು ಸ್ನಾಯು ಕರಗಿತ್ತು. ಹತ್ತೇ ದಿನಕ್ಕೆ! ಬಳಸದಿದ್ದುದನ್ನು ದೇಹ ಸುಮ್ಮನೆ ಸಾಕಿಕೊಂಡಿರುವುದಿಲ್ಲ. ಮಂಡಿ ಸವೆದಿದೆ ಎಂದು ನಡೆಯುವುದನ್ನೇ ನಿಲ್ಲಿಸುವವರಿಗೂ ಇದನ್ನೇ ಹೇಳುತ್ತೇನೆ. ಕೀಲಿನೊಳಗಿನ ಮೆದು ಮೂಳೆಗೆ ರಕ್ತನಾಳಗಳಿಲ್ಲ. ಭಾರ ಬಿದ್ದಾಗ ಹಿಂಡಿ, ಎದ್ದಾಗ ಹೀರಿ, ಕೀಲಿನ ದ್ರವದಿಂದಲೇ ಅದು ತನ್ನ ಪೋಷಣೆ ಪಡೆಯುತ್ತದೆ. ನಡೆಯುವುದನ್ನು ಬಿಟ್ಟರೆ ತೊಡೆಯ ಸ್ನಾಯು ಸೊರಗಿ, ಅದು ಹೊರಬೇಕಾದ ಭಾರವೂ ಮಂಡಿಯ ಮೇಲೇ ಬೀಳುತ್ತದೆ.

ನಮ್ಮ ಕಸುಬಿನ ಹಿಂದಿನವರು ಈ ಪಾಠವನ್ನು ಕಷ್ಟಪಟ್ಟೇ ಕಲಿತರು. ಪೋಲಿಯೋ ಹರಡಿದ್ದ ಕಾಲದಲ್ಲಿ ಮಕ್ಕಳ ಕೈಕಾಲುಗಳನ್ನು ಪಟ್ಟಿ ಕಟ್ಟಿ, ಅಲುಗದಂತೆ ತಿಂಗಳುಗಟ್ಟಲೆ ಇಡುತ್ತಿದ್ದರು. ಎಲಿಜಬೆತ್ ಕೆನ್ನಿ ಎಂಬ ಆಸ್ಟ್ರೇಲಿಯಾದ ನರ್ಸ್ ಆ ಪಟ್ಟಿಗಳನ್ನು ಬಿಚ್ಚಿ, ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ಉಣ್ಣೆಬಟ್ಟೆ ಸುತ್ತಿ, ಮಕ್ಕಳ ಅಂಗಗಳನ್ನು ಮೆಲ್ಲಗೆ ಆಡಿಸತೊಡಗಿದರು. ವೈದ್ಯರಿಂದ ಬಹಳ ವಿರೋಧ ಬಂತು. ಕೆನ್ನಿ ಜಗ್ಗಲಿಲ್ಲ. 1940ರಲ್ಲಿ ಅಮೆರಿಕಕ್ಕೆ ಹೋದ ಮೇಲೆ ಅವರ ವಿಧಾನ ಅಲ್ಲಿಯೂ ಹರಡಿತು. ಅವರು ಕೊಟ್ಟ ಕಾರಣಗಳೆಲ್ಲ ಆಮೇಲೆ ನಿಲ್ಲಲಿಲ್ಲ, ಆದರೆ ಆಡಿಸಬೇಕು ಎಂಬ ಮಾತು ನಿಂತಿತು.

ಹಾಗಾದರೆ ಯಾವಾಗ ಬರಬೇಕು? ನೋವು ಎಷ್ಟಾದಾಗ ಎಂದು ಎಲ್ಲರೂ ಕೇಳುತ್ತಾರೆ. ನೋವಿನ ಪ್ರಮಾಣಕ್ಕಿಂತ ನಾನು ಬೇರೆ ಒಂದನ್ನು ಗಮನಿಸಲು ಹೇಳುತ್ತೇನೆ. ಒಂದು ಕೆಲಸವನ್ನು ನೀವು ಸದ್ದಿಲ್ಲದೆ ಬಿಟ್ಟುಕೊಟ್ಟ ದಿನ ಯಾವುದು ಎಂದು ನೆನಪು ಮಾಡಿಕೊಳ್ಳಿ. ಮೇಲಿನ ಕಪಾಟಿನ ಡಬ್ಬಿಯನ್ನು ಕೆಳಗಿನ ಕಪಾಟಿಗೆ ಇಳಿಸಿದ ದಿನ. ಮೆಟ್ಟಿಲಿನ ಪ್ರತಿ ಹೆಜ್ಜೆಗೂ ಎರಡೂ ಪಾದ ಜೋಡಿಸಿ ಇಳಿಯಲು ಶುರು ಮಾಡಿದ ದಿನ. ಒಂದು ಮಗ್ಗುಲಿಗೆ ಮಲಗುವುದನ್ನು ಬಿಟ್ಟ ದಿನ. ಹಾಗೆ ಬಿಟ್ಟದ್ದು ಎರಡು ಮೂರು ವಾರ ಕಳೆದರೂ ವಾಪಸು ಬರದಿದ್ದರೆ ಬನ್ನಿ. ಉಳುಕಿದ ಪಾದ ಮತ್ತೆ ಮತ್ತೆ ಉಳುಕುತ್ತಿದ್ದರೆ ಬನ್ನಿ. ಶಸ್ತ್ರಚಿಕಿತ್ಸೆ ಆಗುವುದಿದ್ದರೆ ಅದಕ್ಕೆ ಮುಂಚೆಯೇ ಒಮ್ಮೆ ಬನ್ನಿ, ಯಾಕೆಂದರೆ ಬಲವಾದ ಸ್ನಾಯು ಹೊತ್ತುಕೊಂಡು ಹೋದವರು ಬೇಗ ಎದ್ದು ಓಡಾಡುತ್ತಾರೆ. ಮಂಡಿ ಬದಲಿಸಿಕೊಂಡವರು ಮೊದಲ ವಾರಗಳಲ್ಲಿ ಕಾಲನ್ನು ಪೂರ್ತಿ ನೇರ ಮಾಡುವುದನ್ನು ಸಾಧಿಸದಿದ್ದರೆ ಆಮೇಲೆ ಅದನ್ನು ಗಳಿಸುವುದು ಬಹಳ ಕಷ್ಟ.

ಹೆಗಲಿನ ವಿಷಯದಲ್ಲಿ ತಡ ಮಾಡುವವರು ಬಹಳ. ನಲವತ್ತರಿಂದ ಅರವತ್ತರ ನಡುವೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಗಲು ಮೆಲ್ಲಗೆ ಹಿಡಿಯತೊಡಗುತ್ತದೆ. ಮೊದಲು ರಾತ್ರಿ ನೋವು. ಆಮೇಲೆ ಕೈ ಬೆನ್ನ ಹಿಂದೆ ಹೋಗುವುದಿಲ್ಲ, ತಲೆ ಬಾಚಲು ಏಳುವುದಿಲ್ಲ. ಫ್ರೋಜನ್ ಶೋಲ್ಡರ್ ಎನ್ನುವ ಈ ತೊಂದರೆ ತಾನಾಗಿಯೇ ಬಿಡಲು ಒಂದರಿಂದ ಮೂರು ವರ್ಷ ಹಿಡಿಯಬಹುದು, ಕೆಲವರಲ್ಲಿ ಸ್ವಲ್ಪ ಬಿಗಿತ ಉಳಿದೇಬಿಡುತ್ತದೆ. ಶುರುವಿನಲ್ಲೇ ಬಂದರೆ ನೋವಿನ ಹಂತದಲ್ಲಿ ಏನು ಮಾಡಬೇಕು, ಬಿಗಿತದ ಹಂತದಲ್ಲಿ ಏನು ಮಾಡಬೇಕು ಎಂದು ತಿಳಿಯುತ್ತದೆ. ನೋವು ಉರಿಯುತ್ತಿರುವಾಗ ಜಗ್ಗಿ ಎಳೆಸಿಕೊಂಡು ಇನ್ನಷ್ಟು ಕೆಡಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಫಿಸಿಯೋಥೆರಪಿಗೆ ಸಂಬಂಧವೇ ಇಲ್ಲ ಎಂದುಕೊಂಡು ಜನ ಬಾರದಿರುವ ಎರಡು ತೊಂದರೆಗಳಿವೆ. ಒಂದು, ಮಗ್ಗುಲು ಬದಲಿಸಿದಾಗ, ಮೇಲೆ ನೋಡಿದಾಗ ಇಡೀ ಕೋಣೆ ಗಿರ್ರನೆ ತಿರುಗುವುದು. ಕಿವಿಯೊಳಗಿನ ಸಣ್ಣ ಸುಣ್ಣದ ಹರಳುಗಳು ತಮ್ಮ ಜಾಗ ಬಿಟ್ಟು ಅರ್ಧವೃತ್ತದ ನಾಳದೊಳಕ್ಕೆ ಸೇರಿಕೊಂಡಾಗ ಹೀಗಾಗುತ್ತದೆ. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಹರಳನ್ನು ಹೊರಗೆ ಜಾರಿಸುವ ಎಪ್ಲಿ ವಿಧಾನ ಕೆಲವೇ ನಿಮಿಷಗಳ ಕೆಲಸ. ಎಷ್ಟೋ ಜನ ಒಂದೆರಡು ಭೇಟಿಯಲ್ಲೇ ಗುಣವಾಗುತ್ತಾರೆ. ವರ್ಷಗಟ್ಟಲೆ ಮಾತ್ರೆ ನುಂಗುತ್ತಿದ್ದವರು ಹತ್ತು ನಿಮಿಷದಲ್ಲಿ ಎದ್ದು ನಡೆದದ್ದನ್ನು ನಾನೇ ನೋಡಿದ್ದೇನೆ.

ಇನ್ನೊಂದು, ಯಾರೂ ಬಾಯಿ ಬಿಡದ ತೊಂದರೆ. ಕೆಮ್ಮಿದಾಗ, ಸೀನಿದಾಗ, ನಕ್ಕಾಗ ಮೂತ್ರ ಸೋರುವುದು. ಒಬ್ಬ ತಾಯಿ ಎರಡನೇ ಹೆರಿಗೆಯ ನಂತರ ಹನ್ನೊಂದು ವರ್ಷ ಇದನ್ನು ಬಚ್ಚಿಟ್ಟಿದ್ದರು. ನನ್ನ ಬಳಿ ಬಂದದ್ದೂ ಮಂಡಿ ನೋವಿಗೆ. "ಬೇಗ ನಡೆದರೆ ಏನಾಗತ್ತೆ?" ಎಂದು ಕೇಳಿದಾಗ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಸೊಂಟದ ಬುಡದಲ್ಲಿ ತೊಟ್ಟಿಲ ಹಾಗೆ ಹರಡಿಕೊಂಡಿರುವ ಸ್ನಾಯುಗಳು ಸಡಿಲವಾದರೆ ಹೀಗಾಗುತ್ತದೆ. ಅವುಗಳನ್ನು ಹುಡುಕಿ, ಬಿಗಿಹಿಡಿದು, ಬಿಡುವುದನ್ನು ಸರಿಯಾಗಿ ಕಲಿತು ಕನಿಷ್ಠ ಮೂರು ತಿಂಗಳು ಮಾಡುವುದೇ ಇದಕ್ಕೆ ಮೊದಲ ಚಿಕಿತ್ಸೆ. ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆ ಆದ ಗಂಡಸರಿಗೂ ಇದು ಅನ್ವಯಿಸುತ್ತದೆ. ಹೆರಿಗೆಯಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಹೇಳಿ ಸುಮ್ಮನಾಗಿಸಬೇಡಿ. ಇದನ್ನು ವಾಸಿ ಮಾಡಬಹುದು.

ಪಾರ್ಶ್ವವಾಯು ಆದವರ ಮನೆಯವರಲ್ಲಿ ಒಂದು ಬೇಡಿಕೆ. ಅವರನ್ನು ಎಬ್ಬಿಸುವಾಗ ಬಲವಿಲ್ಲದ ಕೈಯನ್ನು ಹಿಡಿದು ಎಳೆಯಬೇಡಿ. ಹೆಗಲನ್ನು ಅದರ ಗೂಡಿನಲ್ಲಿ ಹಿಡಿದಿಟ್ಟಿರುವುದು ಸ್ನಾಯುಗಳೇ. ಅವು ಸೋತಿರುವಾಗ ಎಳೆದರೆ ಹೆಗಲು ಜಾರಿ, ಆಮೇಲೆ ಕೈಗೆ ಬಲ ಬಂದರೂ ನೋವಿಗೆ ಅದನ್ನು ಎತ್ತಲಾಗುವುದಿಲ್ಲ. ಬೆನ್ನಿನ ಹಿಂದೆ, ಸೊಂಟಕ್ಕೆ ಆಸರೆ ಕೊಟ್ಟು ಎಬ್ಬಿಸಿ. ಮೊದಲ ಮೂರು ತಿಂಗಳು ಅತಿ ಹೆಚ್ಚು ಸುಧಾರಣೆ ಕಾಣುವ ಸಮಯ, ಹಾಗೆಂದು ಆಮೇಲೆ ಬಾಗಿಲು ಮುಚ್ಚುವುದಿಲ್ಲ. ಲೋಟ ಹಿಡಿಯುವುದನ್ನು ಕಲಿಯಬೇಕಾದರೆ ಲೋಟವನ್ನೇ ಹಿಡಿಯಬೇಕು, ದಿನಕ್ಕೆ ನೂರಾರು ಸಲ. ಮಿದುಳು ಹೊಸ ದಾರಿ ಮಾಡಿಕೊಳ್ಳುವುದು ಹಾಗೆ. ಪ್ರೀತಿಯಿಂದ ನೀವೇ ಕುಡಿಸಿದರೆ ಆ ನೂರು ಸಲವನ್ನು ಅವರಿಂದ ಕಿತ್ತುಕೊಂಡ ಹಾಗೆ.

ತೀವ್ರ ನಿಗಾ ಘಟಕದಲ್ಲಿ (ಐಸಿಯು) ಕಫ ತೆಗೆಸುವವರು, ಉಸಿರಾಟದ ಯಂತ್ರದಲ್ಲಿ ಇರುವವರನ್ನು ಕೂರಿಸುವವರು, ಕುತ್ತಿಗೆ ಒಂದೇ ಕಡೆ ವಾಲಿದ ಹಸುಗೂಸಿಗೆ, ಮಿದುಳಿನ ತೊಂದರೆಯಿಂದ ಚಲನೆ ಕುಂದುವ ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ, ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಕೈ ಬಾತವರಿಗೆ ನೆರವಾಗುವವರು, ಎಲ್ಲರೂ ನಮ್ಮವರೇ.

ಮನೆಯಲ್ಲಿ ವಯಸ್ಸಾದವರಿದ್ದರೆ ಇವತ್ತೇ ಒಂದು ಪರೀಕ್ಷೆ ಮಾಡಿ. ಕುರ್ಚಿಯಿಂದ ಮೂರು ಮೀಟರ್ ದೂರದಲ್ಲಿ ನೆಲದ ಮೇಲೆ ಒಂದು ಗೆರೆ ಹಾಕಿ. ಅವರು ಎದ್ದು, ಎಂದಿನ ವೇಗದಲ್ಲಿ ಗೆರೆವರೆಗೆ ನಡೆದು, ತಿರುಗಿ ಬಂದು ಕೂರಲಿ. ನೀವು ಪಕ್ಕದಲ್ಲೇ ಇರಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ತಿಳಿದು ಕರೆತನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಸಮತೋಲನದ ವ್ಯಾಯಾಮದಿಂದ ಹಿರಿಯರು ಬೀಳುವುದು ಸುಮಾರು ಕಾಲು ಭಾಗದಷ್ಟು ಕಡಿಮೆಯಾಗುತ್ತದೆ. ಬಿದ್ದು ತೊಡೆಯ ಮೂಳೆ ಮುರಿದ ಮೇಲೆ ಬರುವವರನ್ನು ನೋಡಿದಾಗಲೆಲ್ಲ ಆರು ತಿಂಗಳು ಮುಂಚೆ ಬಂದಿದ್ದರೆ ಎಂದು ನನಗೆ ಸಂಕಟವಾಗುತ್ತದೆ.

ನಮ್ಮ ಬಳಿ ಬಾರದೆ ನೇರ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಡಿ. ಸೊಂಟ ನೋವಿನ ಜೊತೆ ಮಲಮೂತ್ರದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ತೊಡೆಸಂದಿಯಲ್ಲಿ ಸ್ಪರ್ಶವೇ ಗೊತ್ತಾಗದಿದ್ದರೆ, ಎರಡೂ ಕಾಲುಗಳ ಬಲ ಕುಂದುತ್ತಿದ್ದರೆ ಬೆಳಗಾಗಲಿ ಎಂದು ಕೂಡ ಕಾಯಬೇಡಿ. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋಗಿರಬಹುದು, ತಡವಾದರೆ ಆ ನಷ್ಟ ಶಾಶ್ವತ. ಮುಖ ಒಂದು ಕಡೆ ಸೊಟ್ಟಗಾಗಿ ಮಾತು ತೊದಲಿದರೆ, ಎದೆ ನೋವು ಕೈಗೆ ಅಥವಾ ದವಡೆಗೆ ಹರಡಿದರೆ, ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಕೂಡ ಹಾಗೇ. ಹೇಗೆ ಮಲಗಿದರೂ ತಗ್ಗದ ರಾತ್ರಿ ನೋವು, ಕಾರಣವಿಲ್ಲದೆ ಇಳಿಯುವ ತೂಕ, ಜ್ವರ, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ಮೂಳೆ ನೋವು ಇದ್ದರೆ ಮೊದಲು ವೈದ್ಯರು ನೋಡಲಿ.

ಮನೆಯಲ್ಲಿ ಮಾಡಬೇಕಾದ ವ್ಯಾಯಾಮದ ಬಗ್ಗೆ ನಾನು ಕಠಿಣವಾಗಿಯೇ ಹೇಳುತ್ತೇನೆ. ವಾರಕ್ಕೆ ಎರಡು ಸಲ ಅರ್ಧ ಗಂಟೆ ನನ್ನ ಬಳಿ ಬಂದು ಮಿಕ್ಕ ಸಮಯ ಸುಮ್ಮನಿದ್ದರೆ ಏನೂ ಆಗದು. ಸ್ನಾಯು ಬಲಿಯಲು ಆರರಿಂದ ಹನ್ನೆರಡು ವಾರ ಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಮಾಡುವಾಗ ಸ್ವಲ್ಪ ನೋವಾದರೆ ಏನೋ ಹರಿದುಹೋಯಿತು ಎಂದು ಹೆದರಬೇಡಿ. ತಡೆದುಕೊಳ್ಳುವಷ್ಟಿದ್ದು ಮರುದಿನ ಬೆಳಿಗ್ಗೆಯೊಳಗೆ ಎಂದಿನ ಮಟ್ಟಕ್ಕೆ ಇಳಿದರೆ ಮುಂದುವರಿಸಿ. ಮರುದಿನ ಬೆಳಿಗ್ಗೆ ಹೆಚ್ಚಾಗಿದ್ದರೆ ಎಣಿಕೆ ಕಡಿಮೆ ಮಾಡಿ, ನಿಲ್ಲಿಸಬೇಡಿ, ನಮಗೆ ತಿಳಿಸಿ. ಮಾಡಲು ಆಗಲಿಲ್ಲ ಎಂದರೆ ಬೈಸಿಕೊಳ್ಳಬೇಕಾದೀತೆಂದು ಸುಳ್ಳು ಹೇಳುವವರಿದ್ದಾರೆ. ದಯವಿಟ್ಟು ನಿಜ ಹೇಳಿ. ಎಂಟು ವ್ಯಾಯಾಮ ಹೆಚ್ಚಾಯಿತು ಎಂದರೆ ಎರಡೇ ಕೊಡುತ್ತೇವೆ.

ವೈದ್ಯರೇ, ಚೀಟಿಯಲ್ಲಿ "ಫಿಸಿಯೋಥೆರಪಿ 10 ದಿನ" ಎಂದಷ್ಟೇ ಬರೆದಾಗ ರೋಗಿ ಹತ್ತು ದಿನದ ಮಾತ್ರೆಯಂತೆ ಅದನ್ನು ಲೆಕ್ಕ ಹಾಕುತ್ತಾರೆ. ಏನನ್ನು ಕಂಡಿರಿ, ಏನು ಮಾಡಬಾರದು, ಎಷ್ಟು ಭಾರ ಹಾಕಬಹುದು ಎಂದು ಎರಡು ಸಾಲು ಬರೆಯಿರಿ. "ಬಗ್ಗಬೇಡಿ", "ಮೆಟ್ಟಿಲು ಹತ್ತಬೇಡಿ" ಎನ್ನಲೇಬೇಕಾಗಿ ಬಂದರೆ ಎಷ್ಟು ದಿನಕ್ಕೆ ಎಂದೂ ಹೇಳಿ. ನಿಮ್ಮ ಮಾತಿಗೆ ಎಷ್ಟು ತೂಕವಿದೆ ಎಂದು ನಾಲ್ಕು ವರ್ಷ ಬಗ್ಗದೆ ಇದ್ದವರನ್ನು ನೋಡಿ ನನಗೆ ಗೊತ್ತಾಗಿದೆ. ಆಸ್ಟ್ರೇಲಿಯಾದಲ್ಲಿ 1976ರಿಂದಲೇ ಜನ ಚೀಟಿಯಿಲ್ಲದೆ ನೇರವಾಗಿ ಫಿಸಿಯೋಥೆರಪಿಸ್ಟ್ ಬಳಿ ಹೋಗಬಹುದಾಗಿದೆ. ನಿಯಮ ಎಲ್ಲ ಕಡೆ ಒಂದೇ ಅಲ್ಲ, ಆದರೆ ಎಲ್ಲೇ ಆಗಲಿ ನಾವಿಬ್ಬರೂ ಮಾತಾಡಿಕೊಂಡರೆ ರೋಗಿಗೆ ಒಳ್ಳೆಯದು.

ನನ್ನ ಸಹೋದ್ಯೋಗಿಗಳಿಗೂ ಒಂದು ಮಾತು. ಯಂತ್ರದ ಪಟ್ಟಿ ಕಟ್ಟಿ, ಗಡಿಯಾರ ಇಟ್ಟು, ಪರದೆ ಎಳೆದು ಹೋಗುವುದು ಚಿಕಿತ್ಸೆಯಾಗುವುದಿಲ್ಲ. ಅಂಥ ಕಡೆ ಹತ್ತು ದಿನ ಮಲಗಿ ಬಂದು "ಫಿಸಿಯೋಥೆರಪಿ ಮಾಡಿಸಿದೆ, ಉಪಯೋಗವಾಗಲಿಲ್ಲ" ಎನ್ನುವವರಿಗೆ ನಾವು ಉತ್ತರ ಕೊಡಬೇಕು. ಓದುಗರೇ, ನಿಮ್ಮನ್ನು ಪರೀಕ್ಷಿಸದೆ, ಒಂದು ವ್ಯಾಯಾಮವನ್ನೂ ಕಲಿಸದೆ, ಎಷ್ಟು ದಿನದಲ್ಲಿ ಏನು ಸುಧಾರಿಸಬೇಕು ಎಂದು ಹೇಳದೆ ಯಂತ್ರದ ಕೆಳಗೆ ಮಲಗಿಸಿದರೆ ಕಾರಣ ಕೇಳುವ ಹಕ್ಕು ನಿಮಗಿದೆ.

ಮೊದಲ ಸಲ ಬರುವಾಗ ಸಡಿಲವಾದ ಬಟ್ಟೆ ಹಾಕಿಕೊಂಡು ಬನ್ನಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ, ಹಳೆಯ ವರದಿಗಳಿದ್ದರೆ ಅವು ಜೊತೆಗಿರಲಿ. ಸ್ಕ್ಯಾನಿನ ಲಕೋಟೆಯನ್ನು ನಾನು ಕೊನೆಗೆ ತೆರೆಯುತ್ತೇನೆ. ಮೊದಲು ನಾನು ಕೇಳುವುದು ನೀವು ಏನು ಮಾಡುವುದನ್ನು ಬಿಟ್ಟಿದ್ದೀರಿ ಎಂದು. ಅದರ ಉತ್ತರವನ್ನು ದಾರಿಯಲ್ಲಿ ಬರುವಾಗಲೇ ಯೋಚಿಸಿಟ್ಟುಕೊಳ್ಳಿ.

ಇಂತಿ,
ನಿಮ್ಮವಳೇ ಆದ ಒಬ್ಬ ಫಿಸಿಯೋಥೆರಪಿಸ್ಟ್